ಕತ್ತಲಾದ ಮೇಲೆ ಎಲ್ಲಿ ಉಳಿಯುವುದು?

ನಮ್ಮ ಬಳಗದ ಗೆಳೆಯನೊಬ್ಬನ ಅಪ್ಪ-ಅಮ್ಮ ಅಮೆರಿಕ ನೋಡಲು ಹೊರಟಿದ್ದರು. ಅವನ ಅಣ್ಣ ಷಿಕಾಗೊದಲ್ಲಿ ಕೆಲಸದಲ್ಲಿದ್ದಾನೆ. ಷಿಕಾಗೊದಿಂದ ಕಾರಿನಲ್ಲಿ ಹೊರಟು ಗ್ರ್ಯಾಂಡ್ ಕ್ಯಾನಿಯನ್‌ವರೆಗೆ ಹೋಗಿ ಬರುವುದು ಎಂದು ಅಣ್ಣ ಅಲ್ಲಿಂದಲೇ ಹೇಳಿದ್ದ. ಒಂದು ಕಡೆಗೇ ಸುಮಾರು ಎರಡೂವರೆ ಸಾವಿರ ಕಿಲೋಮೀಟರ್. ದಾರಿಯಲ್ಲಿ ಏನೇನು ನೋಡಬಹುದು ಎಂದು ಹುಡುಕಿ ಪಟ್ಟಿ ಮಾಡುವ ಕೆಲಸ ನಮ್ಮ ಪಾಲಿಗೆ ಬಂತು. ಪತ್ರಿಕೋದ್ಯಮ ಓದಿದವರಲ್ಲವೇ, ಮಾಹಿತಿ ಹುಡುಕುವುದು ನಮಗೇ ಬಿಟ್ಟದ್ದು ಎಂದು ಮನೆಯವರ ಲೆಕ್ಕ!

ಒಂದು ಭಾನುವಾರ ಅವರ ಮನೆಯ ಜಗಲಿಯಲ್ಲಿ ಕೂತು, ಫೋನಿನಲ್ಲಿ ನಕ್ಷೆ ತೆರೆದು ಗೆರೆ ಎಳೆದೆವು. ಇಲ್ಲಿ ನದಿ, ಇಲ್ಲಿ ಸೇತುವೆ, ಇಲ್ಲಿ ಮರುಭೂಮಿ ಎಂದು ಉತ್ಸಾಹದಿಂದ ಹೇಳುತ್ತಾ ಹೋದೆವು. ಅಮ್ಮ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ ಒಂದೇ ಮಾತು ಕೇಳಿದರು. "ಅದೆಲ್ಲ ಸರಿ ಮಗಾ, ಕತ್ತಲಾದ ಮೇಲೆ ಎಲ್ಲಿ ಉಳಿಯುವುದು?"

ಗೆಳೆಯ ನಕ್ಕ. "ಅಲ್ಲಿ ಹತ್ತು ಮೈಲಿಗೊಂದು ಮೋಟೆಲ್ ಇರ್ತದೆ ಅಮ್ಮಾ, ದುಡ್ಡು ಕೊಟ್ಟರೆ ಆಯ್ತು" ಎಂದ.

ದುಡ್ಡು ಕೊಟ್ಟರೆ ಆಯ್ತು ಎಂಬ ಈ ಮಾತು ಅಮೆರಿಕದಲ್ಲಿ ಎಲ್ಲರ ಪಾಲಿಗೆ ನಿಜವಾಗಿದ್ದು ಯಾವಾಗಿನಿಂದ? ಆಮೇಲೆ ನಾವು ಹುಡುಕಿದ್ದು ಇದನ್ನು. ಆ ಹುಡುಕಾಟದಲ್ಲಿ ಸಿಕ್ಕಿದ್ದು ಒಬ್ಬ ಅಂಚೆಯಣ್ಣ ಮತ್ತು ಅವನು ಮಾಡಿದ ಒಂದು ಸಣ್ಣ ಪುಸ್ತಕ. ಅಮ್ಮ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದಕ್ಕೆಂದೇ ಬಂದ ಪುಸ್ತಕ ಅದು. ಅಲ್ಲಿಗೆ ಹೋಗುವ ಮೊದಲು ಸ್ವಲ್ಪ ಹಿಂದಿನಿಂದ ಶುರುಮಾಡೋಣ.

ರೈಲು ಕಂಪನಿಯೇ ಯಜಮಾನ

ಅಮೆರಿಕದಲ್ಲಿ ಊರು ನೋಡಲು ಹೋಗುವುದು ಜನಸಾಮಾನ್ಯರ ಹವ್ಯಾಸವಾಗಿದ್ದು ರೈಲು ಬಂದ ಮೇಲೆ. 1872ರ ಮಾರ್ಚ್ 1ರಂದು ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಸಹಿ ಹಾಕಿದ ಕಾಯ್ದೆಯಿಂದ ಯೆಲ್ಲೋಸ್ಟೋನ್ ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಬಿಸಿನೀರಿನ ಬುಗ್ಗೆಗಳು, ಕಣಿವೆ, ಕಾಡುಕೋಣಗಳ ಆ ಜಾಗಕ್ಕೆ ಜನರನ್ನು ಕರೆತರುವುದರಲ್ಲಿ ಎಲ್ಲರಿಗಿಂತ ಹೆಚ್ಚು ಆಸಕ್ತಿ ಇದ್ದದ್ದು ನಾರ್ದರ್ನ್ ಪೆಸಿಫಿಕ್ ರೈಲು ಕಂಪನಿಗೆ. ಹಳಿ ಹಾಕಿದ ಮೇಲೆ ಡಬ್ಬಿ ತುಂಬಬೇಕಲ್ಲ.

ಗ್ರ್ಯಾಂಡ್ ಕ್ಯಾನಿಯನ್ ಕತೆಯೂ ಹಾಗೆಯೇ. ಮೊದಲು ಅಲ್ಲಿಗೆ ತಲುಪಲು ಇಡೀ ದಿನ ಕುದುರೆಗಾಡಿಯಲ್ಲಿ ಕುಲುಕಬೇಕಿತ್ತು. 1901ರಲ್ಲಿ ಸ್ಯಾಂಟಾ ಫೆ ರೈಲು ಕಣಿವೆಯ ಅಂಚಿನವರೆಗೆ ಬಂತು. 1905ರಲ್ಲಿ ಅಲ್ಲೇ ಎಲ್ ಟೊವರ್ ಎಂಬ ದೊಡ್ಡ ಹೋಟೆಲ್ ಎದ್ದಿತು. ಪ್ರವಾಸಿ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಟಿಕೆಟ್ಟು, ಊಟ, ಹಾಸಿಗೆ, ನೋಡುವ ಜಾಗ ಎಲ್ಲವನ್ನೂ ರೈಲು ಕಂಪನಿ ಮತ್ತು ಅದರ ಜೊತೆಗಿದ್ದ ಹೋಟೆಲಿನವರೇ ನಿರ್ಧರಿಸುತ್ತಿದ್ದರು. ಯುರೋಪಿಗೆ ಹೋಗಿ ದುಡ್ಡು ಸುರಿಯುವ ಬದಲು ಮೊದಲು ನಮ್ಮ ದೇಶ ನೋಡಿ ಎಂಬ ಪ್ರಚಾರವೂ ಆ ದಿನಗಳಲ್ಲೇ ಜೋರಾಗಿ ನಡೆಯಿತು.

ಆದರೆ ಈ ಜಾಗಗಳು ಖಾಲಿ ಇದ್ದವೇ? ಇರಲಿಲ್ಲ. 1877ರಲ್ಲಿ, ಅಂದರೆ ಉದ್ಯಾನ ಘೋಷಣೆಯಾಗಿ ಐದೇ ವರ್ಷಕ್ಕೆ, ಸೈನ್ಯದಿಂದ ತಪ್ಪಿಸಿಕೊಂಡು ಹೊರಟ ನೆಜ್ ಪರ್ಸ್ ಬುಡಕಟ್ಟಿನ ಜನ ಯೆಲ್ಲೋಸ್ಟೋನ್ ಮೂಲಕವೇ ಹಾದುಹೋದರು. ಅಲ್ಲಿ ಡೇರೆ ಹಾಕಿದ್ದ ಪ್ರವಾಸಿಗಳು ಅವರ ಕೈಗೆ ಸಿಕ್ಕಿಬಿದ್ದರು. ಒಬ್ಬರು ರಜೆ ಕಳೆಯಲು ಬಂದವರು, ಇನ್ನೊಬ್ಬರು ನೆಲ ಕಳೆದುಕೊಂಡವರು. ಇಬ್ಬರೂ ಒಂದೇ ಕಾಡಿನಲ್ಲಿ ಮುಖಾಮುಖಿಯಾದ ಗಳಿಗೆ ಅದು. ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯೊಳಗೆ ತಲೆಮಾರುಗಳಿಂದ ಬೆಳೆ ಬೆಳೆಯುತ್ತಿದ್ದ ಹವಸುಪಾಯ್ ಜನರನ್ನೂ ಉದ್ಯಾನದ ಆಡಳಿತ ಹೊರಗೆ ಕಳಿಸಿತು. ಅವರಲ್ಲಿ ಕೊನೆಯವರು ಅಲ್ಲಿಂದ ಹೊರಬಿದ್ದದ್ದು 1928ರಲ್ಲಿ. ಅವರ ತೋಟವಿದ್ದ ಆ ತಾಣಕ್ಕೆ ಹವಸುಪಾಯ್ ಗಾರ್ಡನ್ಸ್ ಎಂದು ಅವರದೇ ಹೆಸರು ಇಡಲು 2022 ಬರಬೇಕಾಯಿತು. ಯಾರೋ ರಜೆಗೆ ಬಂದು ಉಳಿಯಲು ಇನ್ಯಾರೋ ಮನೆ ಬಿಡಬೇಕಾದ ಇಂಥ ಕತೆ ನಾಗರಹೊಳೆಯ ಹಾಡಿಗಳವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಳದಿ ಮನೆ ಹುಡುಕಿಕೊಂಡು

ಕಾರು ಬಂದ ಮೇಲೆ ಯೋಜನೆ ರೈಲು ಕಂಪನಿಯ ಕೈಯಿಂದ ಪ್ರವಾಸಿಯ ಕೈಗೆ ಬಂತು. ಕಾರಿನಲ್ಲಿ ಅಮೆರಿಕವನ್ನು ಅಡ್ಡಹಾಯ್ದ ಮೊದಲಿಗ ಹೊರೇಷಿಯೊ ನೆಲ್ಸನ್ ಜಾಕ್ಸನ್ ಎಂಬ ವೈದ್ಯ. ಅವನು ಹೊರಟಿದ್ದು 50 ಡಾಲರ್ ಬಾಜಿಗೆ. 1903ರ ಮೇ 23ರಂದು ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟವನು ನ್ಯೂಯಾರ್ಕ್ ಮುಟ್ಟಿದ್ದು ಜುಲೈ 26ರಂದು. ಜೊತೆಗೆ ಮೆಕ್ಯಾನಿಕ್ ಸ್ಯೂವಲ್ ಕ್ರಾಕರ್, ದಾರಿಯಲ್ಲಿ ಸೇರಿಕೊಂಡ ಬಡ್ ಎಂಬ ನಾಯಿ. ಧೂಳಿಗೆ ಕಣ್ಣು ಉರಿಯದಿರಲೆಂದು ನಾಯಿಗೂ ಕನ್ನಡಕ ಹಾಕಿಸಿದ್ದರು! ದಾರಿ ಕೇಳಿದಾಗ ಒಬ್ಬ ಹೆಂಗಸು ಬೇಕೆಂದೇ ತಪ್ಪು ದಾರಿ ತೋರಿಸಿದಳಂತೆ. ಕಾರನ್ನೇ ಕಾಣದ ತನ್ನ ಮನೆಯವರು ಒಮ್ಮೆ ನೋಡಲಿ ಎಂಬ ಆಸೆ ಆಕೆಗೆ.

ಆರು ವರ್ಷದ ನಂತರ, 1909ರಲ್ಲಿ, ಆಲಿಸ್ ರಾಮ್ಸೆ ಎಂಬ 22 ವರ್ಷದ ಗೃಹಿಣಿ ಮೂವರು ಹೆಂಗಸರನ್ನು ಕೂರಿಸಿಕೊಂಡು ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 59 ದಿನಗಳಲ್ಲಿ ಕಾರು ಓಡಿಸಿಕೊಂಡು ಹೋದರು. ನಾಲ್ವರಲ್ಲಿ ಡ್ರೈವಿಂಗ್ ಬರುತ್ತಿದ್ದದ್ದು ಅವರೊಬ್ಬರಿಗೇ. ನ್ಯೂಜೆರ್ಸಿ ರಾಜ್ಯದ ಹ್ಯಾಕನ್‌ಸ್ಯಾಕ್ ಅವರ ಊರು. ಈ ಊರಿನ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಆಗ ರಸ್ತೆಗೆ ನಂಬರೂ ಇಲ್ಲ, ಕೈಮರವೂ ಇಲ್ಲ. ಬ್ಲೂ ಬುಕ್ ಎಂಬ ಕೈಪಿಡಿ ಇತ್ತು. ಇಷ್ಟು ಮೈಲಿ ಹೋದ ಮೇಲೆ ಇಂಥ ಮನೆ, ಅಲ್ಲಿ ಎಡಕ್ಕೆ ತಿರುಗಿ ಎಂಬ ಧಾಟಿಯಲ್ಲಿ ಅದು ದಾರಿ ಹೇಳುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಅಶ್ವತ್ಥಕಟ್ಟೆ ದಾಟಿ ಬಲಕ್ಕೆ ಎನ್ನುತ್ತಾರಲ್ಲ, ಹಾಗೆ. ಒಂದು ಕಡೆ ಹಳದಿ ಮನೆ ಕಂಡಲ್ಲಿ ತಿರುಗಿ ಎಂದಿತ್ತು. ರಾಮ್ಸೆಯವರಿಗೆ ಎಷ್ಟು ಹುಡುಕಿದರೂ ಹಳದಿ ಮನೆ ಸಿಗಲಿಲ್ಲ. ವಿಚಾರಿಸಿದರೆ, ಕಾರುಗಳನ್ನು ಕಂಡರಾಗದ ಮನೆಯ ಮಾಲೀಕ ಗೋಡೆಗೆ ಹಸಿರು ಬಣ್ಣ ಬಳಿಸಿಬಿಟ್ಟಿದ್ದ! ದಾರಿಹೋಕರು ದಾರಿ ತಪ್ಪಲಿ ಎಂಬುದೇ ಉದ್ದೇಶ.

ಆಮೇಲೆ ಎಲ್ಲವೂ ಬೇಗ ಬೇಗ ಬದಲಾಯಿತು. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು 1908ರಲ್ಲಿ 850 ಡಾಲರಿಗೆ ಬಂದಿತ್ತು. 1920ರ ದಶಕದ ಮಧ್ಯಕ್ಕೆ ಅದರ ಬೆಲೆ 300 ಡಾಲರಿಗಿಂತ ಕೆಳಗಿಳಿಯಿತು. 1925ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೊದಲ್ಲಿ ಒಂದು ತಂಗುದಾಣ ಶುರುವಾಯಿತು. ಮೋಟರ್ ಮತ್ತು ಹೋಟೆಲ್ ಎರಡನ್ನೂ ಬೆಸೆದು ಮೋಟೆಲ್ ಎಂಬ ಪದ ಹುಟ್ಟಿದ್ದು ಅಲ್ಲಿಂದ. ಮರುವರ್ಷ, 1926ರಲ್ಲಿ, ದೇಶದ ಹೆದ್ದಾರಿಗಳಿಗೆ ನಂಬರು ಬಂತು. ಷಿಕಾಗೊದಿಂದ ಲಾಸ್ ಏಂಜಲೀಸ್‌ಗೆ ಹೋಗುವ ರೂಟ್ 66 ಹುಟ್ಟಿದ್ದೂ ಆಗಲೇ. ಗೆಳೆಯನ ಜಗಲಿಯಲ್ಲಿ ಕೂತು ನಾವು ಎಳೆದ ಗೆರೆಯ ಬಹುಪಾಲು ಇದೇ ದಾರಿ.

ಕೈಯಲ್ಲಿ ಸ್ಟೇರಿಂಗು, ಮುಂದೆ ಅಗಲ ರಸ್ತೆ, ಮನಸ್ಸು ಬಂದಲ್ಲಿ ನಿಲ್ಲುವ ಸ್ವಾತಂತ್ರ್ಯ. ಅಮೆರಿಕದ ಜಾಹೀರಾತುಗಳು ಮಾರಿದ್ದು ಈ ಚಿತ್ರವನ್ನು. ಸಿನಿಮಾಗಳಲ್ಲಿ ನಾವೂ ನೀವೂ ನೋಡಿದ್ದು ಇದನ್ನೇ. ಆದರೆ ಮನಸ್ಸು ಬಂದಲ್ಲಿ ನಿಲ್ಲಲು ಆಗದವರೂ ಅದೇ ದೇಶದಲ್ಲಿ, ಅದೇ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದರು.

ಕಾರಿನಲ್ಲಿ ಬುತ್ತಿ, ಡಿಕ್ಕಿಯಲ್ಲಿ ಡಬ್ಬಿ

1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪ್ಲೆಸ್ಸಿ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತ್ತು. ಕಪ್ಪು ಜನರಿಗೆ ಬೇರೆ ಡಬ್ಬಿ, ಬಿಳಿಯರಿಗೆ ಬೇರೆ ಡಬ್ಬಿ ಇಟ್ಟರೆ ತಪ್ಪಿಲ್ಲ, ಎರಡೂ ಸಮಾನವಾಗಿದ್ದರೆ ಸಾಕು ಎಂಬುದು ಅದರ ಸಾರ. ಬೇರೆ ಎನ್ನುವುದು ಮಾತ್ರ ಉಳಿಯಿತು, ಸಮಾನ ಎನ್ನುವುದು ಕಾಗದದಲ್ಲೇ ಉಳಿಯಿತು. ದಕ್ಷಿಣದ ರಾಜ್ಯಗಳಲ್ಲಿ ರೈಲು, ಬಸ್ಸು, ಹೋಟೆಲು, ಶೌಚಾಲಯ, ಕುಡಿಯುವ ನೀರಿನ ನಲ್ಲಿ ಎಲ್ಲದರಲ್ಲೂ ಬಣ್ಣದ ಗೆರೆ ಬಿತ್ತು.

ಉತ್ತರದಲ್ಲಿ ಹಾಗಿರಲಿಲ್ಲ ಎಂದುಕೊಳ್ಳಬೇಡಿ. ಅಲ್ಲಿ ಕಾನೂನಿನ ಫಲಕದ ಬದಲು ಊರಿನ ಕಟ್ಟುಪಾಡು ಇತ್ತು. ಹೊತ್ತು ಮುಳುಗುವುದರೊಳಗೆ ಕಪ್ಪು ಜನ ಊರು ಬಿಡಬೇಕು ಎಂಬ ಊರುಗಳು ಅವು. ಕೆಲವು ಕಡೆ ಊರ ಬಾಗಿಲಲ್ಲೇ ಬೋರ್ಡು ಹಾಕಿದ್ದರು. ಇತಿಹಾಸಕಾರ ಜೇಮ್ಸ್ ಲೋವೆನ್ ಇಂಥ ಊರುಗಳ ಬಗ್ಗೆಯೇ 2005ರಲ್ಲಿ ದೊಡ್ಡ ಪುಸ್ತಕ ಬರೆದಿದ್ದಾರೆ. ಅವರು ಗುರುತಿಸಿದ ಊರುಗಳಲ್ಲಿ ಬಹಳಷ್ಟು ಉತ್ತರದವೇ. ಷಿಕಾಗೊ ಇರುವ ಇಲಿನಾಯ್ ರಾಜ್ಯದಲ್ಲೂ ಅವು ದಂಡಿಯಾಗಿದ್ದವು.

ಈಗ ಅಮ್ಮನ ಪ್ರಶ್ನೆಯನ್ನು ಅಂದಿನ ಕಪ್ಪು ತಾಯಿಯೊಬ್ಬಳ ಬಾಯಲ್ಲಿಟ್ಟು ನೋಡಿ. ಕತ್ತಲಾದ ಮೇಲೆ ಎಲ್ಲಿ ಉಳಿಯುವುದು ಎಂಬುದು ಆಗ ಅನುಕೂಲದ ಮಾತಾಗಿ ಉಳಿಯುವುದಿಲ್ಲ, ಜೀವದ ಪ್ರಶ್ನೆಯಾಗುತ್ತದೆ.

ಕಾರು ಕೊಳ್ಳುವ ಶಕ್ತಿ ಬಂದ ಕಪ್ಪು ಕುಟುಂಬಗಳು ಕಾರು ಕೊಂಡದ್ದಕ್ಕೆ ಒಂದು ಮುಖ್ಯ ಕಾರಣ, ರೈಲು-ಬಸ್ಸುಗಳಲ್ಲಿ ಆಗುವ ಅವಮಾನ ತಪ್ಪಿಸಿಕೊಳ್ಳುವುದು. ಆದರೆ ಕಾರಿಗೂ ಪೆಟ್ರೋಲು ಬೇಕು, ಕಾರಿನಲ್ಲಿರುವವರಿಗೆ ಊಟ, ನಿದ್ದೆ ಬೇಕು. ಹಾಗಾಗಿ ಅವರ ತಯಾರಿಯೇ ಬೇರೆ ಥರ. ಚಪ್ಪಲಿ ಅಂಗಡಿಯ ರಟ್ಟಿನ ಪೆಟ್ಟಿಗೆಯಲ್ಲಿ ಕರಿದ ಕೋಳಿ, ಬೇಯಿಸಿದ ಮೊಟ್ಟೆ. ಪಾತ್ರೆ ತುಂಬ ನೀರು. ದಾರಿಯ ಬಂಕು ಪೆಟ್ರೋಲ್ ಕೊಡದಿದ್ದರೆ ಎಂದು ಡಬ್ಬಿಯಲ್ಲಿ ಹೆಚ್ಚುವರಿ ಪೆಟ್ರೋಲು. ಶೌಚಾಲಯದ ಬಾಗಿಲು ತೆರೆಯದಿದ್ದರೆ ಎಂದು ಮಕ್ಕಳಿಗೆ ಖಾಲಿ ಕಾಫಿ ಡಬ್ಬಿ. ರಾತ್ರಿ ಮಲಗಲು ಕಾರಿನಲ್ಲೇ ಹೊದಿಕೆ. ಕೆಲವರು ಡ್ರೈವರನ ಟೋಪಿಯನ್ನೂ ಇಟ್ಟುಕೊಳ್ಳುತ್ತಿದ್ದರು. ಪೊಲೀಸರು ತಡೆದು ಇಂಥ ಕಾರು ನಿನಗೆ ಎಲ್ಲಿಂದ ಬಂತು ಎಂದು ಕೇಳಿದರೆ, ಇದು ಧಣಿಗಳದ್ದು, ನಾನು ಬರೇ ಡ್ರೈವರು ಎನ್ನಲು. ಸ್ವಂತ ದುಡ್ಡಿನ ಕಾರನ್ನು ನನ್ನದಲ್ಲ ಎಂದು ಹೇಳಬೇಕಾದ ಅಪ್ಪನನ್ನು ಹಿಂದಿನ ಸೀಟಿನಲ್ಲಿ ಕೂತ ಮಕ್ಕಳು ನೋಡುತ್ತಿದ್ದರು.

ಮಂಗಳೂರಿನ ಹೆಣ್ಣುಮಗಳು, ಅಮೆರಿಕದ ರೈಲು

ಈ ಬಣ್ಣದ ಗೆರೆಯನ್ನು ನಮ್ಮ ಕಡೆಯವರೊಬ್ಬರು ಎದುರಿಸಿದ ಪ್ರಸಂಗವೊಂದಿದೆ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಗೊತ್ತಲ್ಲ? ಉಪ್ಪಿನ ಸತ್ಯಾಗ್ರಹದಲ್ಲಿ ಮುಂದೆ ನಿಂತವರು, ಸ್ವಾತಂತ್ರ್ಯದ ನಂತರ ದೇಶದ ಕರಕುಶಲ ಕಲೆಗಳಿಗೆ ಜೀವ ತುಂಬಿದವರು. ಎರಡನೇ ಮಹಾಯುದ್ಧ ಶುರುವಾದ ಕಾಲದಲ್ಲಿ ಅವರು ಅಮೆರಿಕ ಸುತ್ತುತ್ತಿದ್ದರು.

1941ರಲ್ಲಿ ದಕ್ಷಿಣದ ರಾಜ್ಯಗಳಲ್ಲಿ ರೈಲಿನಲ್ಲಿ ಹೋಗುತ್ತಿದ್ದಾಗ ಅವರು ಕೂತಿದ್ದು ಬಿಳಿಯರ ಡಬ್ಬಿಯಲ್ಲಿ. ಟಿಕೆಟ್ ಕಲೆಕ್ಟರ್ ಬಂದು ಎದ್ದು ಹೋಗಲು ಹೇಳಿದ. ಕಮಲಾದೇವಿ ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಮತ್ತೆ ಬಂದ. ಇವರು ಅಮೆರಿಕದ ಕಪ್ಪು ಹೆಂಗಸಲ್ಲ ಎಂದು ಅನುಮಾನ ಬಂದಿರಬೇಕು, ಯಾವ ದೇಶ ಎಂದು ವಿಚಾರಿಸಿದ. ನಾನು ಭಾರತದವಳು ಎಂದು ಥಟ್ಟನೆ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಮೊದಲು ನ್ಯೂಯಾರ್ಕಿನಿಂದ ಬಂದೆ ಎಂದರು. ಮತ್ತೆ ಕೆದಕಿದಾಗ, ಯಾವ ದೇಶವಾದರೇನು, ನಾನೂ ಬಣ್ಣದ ಹೆಂಗಸೇ, ಇಲ್ಲಿಂದ ಏಳುವುದಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಆಮೇಲೆ ಅವನು ಅವರ ತಂಟೆಗೆ ಬರಲಿಲ್ಲ.

ವಿದೇಶಿ ಎಂಬ ಗುರುತು ಅವರನ್ನು ಕಾಪಾಡಬಹುದಿತ್ತು. ಆ ಗುರುತಿನ ಹಿಂದೆ ಅಡಗಿಕೊಳ್ಳಲು ಅವರು ಒಪ್ಪಲಿಲ್ಲ. ಇಲ್ಲಿಂದ ಅಮೆರಿಕಕ್ಕೆ ಹೋಗುವ ನಮ್ಮವರಿಗೆ ಈ ಪ್ರಸಂಗವನ್ನು ಹೇಳಿ ಕಳಿಸಬೇಕು ಎನಿಸಿತು ನಮಗೆ.

ಅಂಚೆಯಣ್ಣನ ಹಸಿರು ಪುಸ್ತಕ

ಹ್ಯಾಕನ್‌ಸ್ಯಾಕ್ ಎಂಬ ಊರನ್ನು ನೆನಪಿಟ್ಟುಕೊಳ್ಳಲು ಹೇಳಿದ್ದೆವು. ಆಲಿಸ್ ರಾಮ್ಸೆಯ ಊರು. ಅದೇ ಊರಿನಲ್ಲಿ ಮನೆಮನೆಗೆ ಟಪಾಲು ಹಂಚುತ್ತಿದ್ದವನು ವಿಕ್ಟರ್ ಹ್ಯೂಗೊ ಗ್ರೀನ್. 1892ರಲ್ಲಿ ಹುಟ್ಟಿದ ಕಪ್ಪು ಮನುಷ್ಯ. ಮದುವೆಯಾದ ಮೇಲೆ ಮನೆ ಮಾಡಿದ್ದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಹೆಂಡತಿ ಆಲ್ಮಾ ದಕ್ಷಿಣದ ವರ್ಜೀನಿಯಾದವಳು. ತವರಿನ ಕಡೆಗೆ ಕಾರಿನಲ್ಲಿ ಹೋಗುವುದೆಂದರೆ ಏನು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

1936ರಲ್ಲಿ ಗ್ರೀನ್ ಒಂದು ತೆಳು ಕೈಪಿಡಿ ಹೊರತಂದ. ಹೆಸರು 'ದಿ ನೀಗ್ರೊ ಮೋಟರಿಸ್ಟ್ ಗ್ರೀನ್ ಬುಕ್'. ಹಸಿರು ಎಂಬ ಅರ್ಥದ ಗ್ರೀನ್ ಅವನ ಹೆಸರೂ ಹೌದು. ಮೊದಲ ಸಂಚಿಕೆಯಲ್ಲಿ ಇದ್ದದ್ದು ನ್ಯೂಯಾರ್ಕ್ ಆಸುಪಾಸಿನ ಜಾಗಗಳು ಮಾತ್ರ. ಕಪ್ಪು ಜನರಿಗೆ ಕೋಣೆ ಕೊಡುವ ಹೋಟೆಲ್ ಯಾವುದು, ಊಟ ಹಾಕುವ ಖಾನಾವಳಿ ಎಲ್ಲಿ, ಪೆಟ್ರೋಲ್ ಬಂಕ್, ಗ್ಯಾರೇಜು, ಕ್ಷೌರದಂಗಡಿ ಎಲ್ಲೆಲ್ಲಿವೆ ಎಂಬ ಪಟ್ಟಿ. ಅದರಲ್ಲಿ ಕತೆ ಇಲ್ಲ, ಪ್ರಕೃತಿ ವರ್ಣನೆ ಇಲ್ಲ. ಊರು, ಹೆಸರು, ವಿಳಾಸ, ಅಷ್ಟೇ.

ಬೇಡಿಕೆ ಬಂದಂತೆ ಕೆಲವೇ ವರ್ಷಗಳಲ್ಲಿ ಪಟ್ಟಿ ದೇಶದ ಉದ್ದಗಲಕ್ಕೆ ಬೆಳೆಯಿತು. ನಂತರದ ಸಂಚಿಕೆಗಳಲ್ಲಿ ಕೆನಡಾ, ಮೆಕ್ಸಿಕೊಗಳೂ ಸೇರಿದವು. ಅಷ್ಟು ದೊಡ್ಡ ದೇಶದ ಮಾಹಿತಿಯನ್ನು ಒಬ್ಬ ಟಪಾಲಿನವನು ಹೇಗೆ ಕಲೆಹಾಕಿದ? ವರದಿಗಾರಿಕೆ ಕಲಿತ ನಮಗೆ ಈ ಪುಸ್ತಕದಲ್ಲಿ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಇದೇ. ಬೇರೆ ಬೇರೆ ಊರುಗಳ ಅಂಚೆ ನೌಕರರು ಅವನಿಗೆ ನೆರವಾದರು. ಯಾವ ಬೀದಿಯಲ್ಲಿ ಯಾರ ಮನೆ, ಯಾರ ಮನಸ್ಸು ಹೇಗೆ ಎಂದು ಅಂಚೆಯವರಿಗಿಂತ ಚೆನ್ನಾಗಿ ಗೊತ್ತಿರುವುದು ಯಾರಿಗೆ? ಇನ್ನು ಓದುಗರು. ತಮಗೆ ಎಲ್ಲಿ ಜಾಗ ಸಿಕ್ಕಿತು ಎಂದು ಬರೆದು ತಿಳಿಸುವವರಿಗೆ ಗ್ರೀನ್ ಹಣವನ್ನೂ ಕೊಡುತ್ತಿದ್ದ. ಇವತ್ತು ಫೋನಿನಲ್ಲಿ ನಾವು ಹೋಟೆಲಿಗೆ ನಕ್ಷತ್ರ ಕೊಟ್ಟು ಅಭಿಪ್ರಾಯ ಬರೆಯುತ್ತೇವಲ್ಲ, ಅದೇ ಕೆಲಸವನ್ನು ಅವರು ಅಂಚೆ ಕಾಗದದಲ್ಲಿ ಮಾಡಿದರು.

ಹೋಟೆಲೇ ಇಲ್ಲದ ಊರುಗಳಲ್ಲಿ ಪಟ್ಟಿ ತುಂಬಿದ್ದು ಪ್ರವಾಸಿ ಮನೆಗಳಿಂದ. ಸಾಮಾನ್ಯ ಕಪ್ಪು ಕುಟುಂಬಗಳು ತಮ್ಮ ಮನೆಯ ಒಂದು ಕೋಣೆಯನ್ನು ದಾರಿಹೋಕರಿಗೆ ಬಾಡಿಗೆಗೆ ಬಿಡುತ್ತಿದ್ದವು. ಪಟ್ಟಿಯಲ್ಲಿ ಹಲವು ಕಡೆ ಇರುವುದು ಶ್ರೀಮತಿ ಇಂಥವರು, ಇಂಥ ಬೀದಿ ಎಂದು. ಅಂದರೆ ಆ ದೊಡ್ಡ ದೇಶದ ಕಪ್ಪು ಪ್ರವಾಸೋದ್ಯಮದ ದೊಡ್ಡ ಪಾಲು ನಿಂತಿದ್ದು ಹೆಂಗಸರ ಅಡುಗೆಮನೆ ಮತ್ತು ಅವರು ಹಾಸಿದ ಹಾಸಿಗೆಯ ಮೇಲೆ.

ಪುಸ್ತಕ ಮಾರಾಟಕ್ಕೆ ಎಸ್ಸೊ ಪೆಟ್ರೋಲ್ ಬಂಕುಗಳು ಒದಗಿದವು. ಕಪ್ಪು ಜನರಿಗೂ ಬಂಕಿನ ಗುತ್ತಿಗೆ ಕೊಟ್ಟಿದ್ದ ಕಂಪನಿ ಅದು. ಯುದ್ಧದ ವರ್ಷಗಳಲ್ಲಿ ನಿಂತಿದ್ದ ಪ್ರಕಟಣೆ ಯುದ್ಧ ಮುಗಿದ ಮೇಲೆ ಮತ್ತೆ ಶುರುವಾಯಿತು. ಗ್ರೀನ್ ಹಾರ್ಲೆಮ್‌ನಲ್ಲಿ ಟ್ರಾವೆಲ್ ಏಜೆನ್ಸಿಯನ್ನೂ ತೆರೆದ. ಪುಸ್ತಕದ ಮುನ್ನುಡಿಯಲ್ಲಿ ಅವನು ಒಂದು ಆಸೆ ಹೇಳಿಕೊಂಡಿದ್ದ. ಇಂಥ ಕೈಪಿಡಿ ಅಚ್ಚು ಹಾಕುವ ಅಗತ್ಯವೇ ಇರದ ದಿನ ಬರುತ್ತದೆ, ಅದು ಬಂದ ದಿನ ಇದನ್ನು ನಿಲ್ಲಿಸುವುದೇ ನಮಗೆ ಸಂತೋಷ ಎಂಬ ಮಾತು. ತನ್ನ ಪುಸ್ತಕ ಬೇಗ ನಿಂತುಹೋಗಲಿ ಎಂದು ಹಾರೈಸಿದ ಪ್ರಕಾಶಕರು ಎಷ್ಟು ಜನ ಸಿಗುತ್ತಾರೆ ಹೇಳಿ?

ಕಾಡಿಗೂ ಬಣ್ಣದ ಬೇಲಿ

ಸರ್ಕಾರವೇ ನಡೆಸುವ ರಾಷ್ಟ್ರೀಯ ಉದ್ಯಾನಗಳಲ್ಲಾದರೂ ಎಲ್ಲರಿಗೂ ಸಮಾನ ಜಾಗ ಇತ್ತೇ? ವರ್ಜೀನಿಯಾದ ಶೆನಂಡೋವಾ ಉದ್ಯಾನದ ಕತೆ ಕೇಳಿ. ಬೆಟ್ಟದ ಸಾಲಿನ ನೆತ್ತಿಯ ಮೇಲೇ ಹಾದುಹೋಗುವ ಸ್ಕೈಲೈನ್ ಡ್ರೈವ್ ಎಂಬ ಸುಂದರ ರಸ್ತೆ ಅಲ್ಲಿದೆ. 1939ರಲ್ಲಿ ಅಲ್ಲಿನ ಲೂಯಿಸ್ ಮೌಂಟನ್ ಎಂಬ ಜಾಗವನ್ನು ಕಪ್ಪು ಪ್ರವಾಸಿಗಳಿಗೆಂದೇ ಬೇರೆಯಾಗಿ ತೆರೆದರು. ದಾರಿಯಲ್ಲಿ ಬೋರ್ಡೂ ಇತ್ತು. ಎಲ್ಲರ ತೆರಿಗೆಯ ದುಡ್ಡು, ಎಲ್ಲರ ಕಾಡು, ಆದರೆ ಬುತ್ತಿ ಬಿಚ್ಚುವ ಜಾಗ ಬೇರೆ ಬೇರೆ. ಯುದ್ಧದ ನಂತರ ಆದೇಶ ಬದಲಾಗಿ, ಆ ಉದ್ಯಾನದ ಎಲ್ಲ ಸೌಲಭ್ಯಗಳೂ ಎಲ್ಲರಿಗೂ ತೆರೆದುಕೊಂಡಿದ್ದು 1950ರಲ್ಲಿ.

ಅಷ್ಟರಲ್ಲಿ ಬಿಳಿಯರ ರಜೆ ಇನ್ನಷ್ಟು ಸುಲಭವಾಗುತ್ತಿತ್ತು. 1951ರಲ್ಲಿ ಕೆಮನ್ಸ್ ವಿಲ್ಸನ್ ಎಂಬಾತ ಐದು ಮಕ್ಕಳನ್ನು ಕರೆದುಕೊಂಡು ಪ್ರವಾಸ ಹೋದ. ಮೋಟೆಲುಗಳು ಒಂದೊಂದು ಮಗುವಿಗೂ ಬೇರೆ ದುಡ್ಡು ಕೇಳಿದವು. ಸಿಟ್ಟು ಬಂದು ಮರುವರ್ಷ ಮೆಂಫಿಸ್ ನಗರದಲ್ಲಿ ತಾನೇ ಹಾಲಿಡೇ ಇನ್ ಶುರುಮಾಡಿದ. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಕಾಯ್ದೆ 41 ಸಾವಿರ ಮೈಲಿ ಉದ್ದದ ಅಂತರರಾಜ್ಯ ಹೆದ್ದಾರಿಗಳಿಗೆ ದಾರಿಮಾಡಿತು. ಒಬ್ಬ ಅಪ್ಪನಿಗೆ ಮಕ್ಕಳ ಬಾಡಿಗೆ ದುಬಾರಿ ಎಂಬ ಚಿಂತೆ. ಅದೇ ವರ್ಷ, ಅದೇ ರಸ್ತೆಯಲ್ಲಿ ಇನ್ನೊಬ್ಬ ಅಪ್ಪನಿಗೆ ಮಕ್ಕಳನ್ನು ಮಲಗಿಸಲು ಬಾಗಿಲೇ ಇಲ್ಲ ಎಂಬ ಚಿಂತೆ.

ಬಾಗಿಲು ತೆರೆದ ವರ್ಷ

1963ರ ಜುಲೈನಲ್ಲಿ ಕಪ್ಪು ಜನರ ಹಕ್ಕುಗಳ ನಾಯಕ ರಾಯ್ ವಿಲ್ಕಿನ್ಸ್ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಹೇಳಿಕೆ ಕೊಟ್ಟರು. ಅವರು ವಿವರಿಸಿದ್ದು ಒಂದು ಕಾರು ಪ್ರಯಾಣವನ್ನು. ನೀವು ದಣಿವಾದಲ್ಲಿ ನಿಲ್ಲುತ್ತೀರಿ, ನಾವು ಯಾರಾದರೂ ಸೇರಿಸಿಕೊಳ್ಳುವವರು ಸಿಗುವ ತನಕ ಓಡಿಸುತ್ತಲೇ ಇರುತ್ತೇವೆ ಎಂಬುದು ಅವರ ಮಾತಿನ ತಿರುಳು. ಮುಂದಿನ ತಿಂಗಳು ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾಡಿದ ಆ ಹೆಸರಾಂತ ಭಾಷಣದಲ್ಲೂ ಪ್ರಯಾಣದಲ್ಲಿ ದಣಿದ ದೇಹ ಮತ್ತು ಹೆದ್ದಾರಿಯ ಮೋಟೆಲುಗಳ ಪ್ರಸ್ತಾಪವಿದೆ. ಕನಸಿನ ಭಾಗ ಎಲ್ಲರಿಗೂ ನೆನಪಿದೆ, ಮೋಟೆಲಿನ ಭಾಗ ಮರೆತುಹೋಗಿದೆ.

1964ರ ಜುಲೈ 2ರಂದು ನಾಗರಿಕ ಹಕ್ಕು ಕಾಯ್ದೆ ಬಂತು. ಹೋಟೆಲು, ಮೋಟೆಲು, ಖಾನಾವಳಿಗಳಲ್ಲಿ ಬಣ್ಣದ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ. ಅಟ್ಲಾಂಟಾದ 216 ಕೋಣೆಗಳ ಮೋಟೆಲೊಂದರ ಮಾಲೀಕ ತಕ್ಷಣ ಕೋರ್ಟಿಗೆ ಹೋದ. ನನ್ನ ಮೋಟೆಲು, ಯಾರನ್ನು ಬಿಡಬೇಕು ಎಂಬುದು ನನ್ನಿಷ್ಟ ಎಂಬ ವಾದ. ಅದೇ ಡಿಸೆಂಬರ್ 14ರಂದು ಸುಪ್ರೀಂ ಕೋರ್ಟು ಒಮ್ಮತದಿಂದ ಅವನ ವಾದವನ್ನು ತಳ್ಳಿಹಾಕಿತು. ಜನ ರಾಜ್ಯದಿಂದ ರಾಜ್ಯಕ್ಕೆ ಓಡಾಡುವುದಕ್ಕೆ ಇಂಥ ತಾರತಮ್ಯ ಅಡ್ಡಿ, ಅಂತರರಾಜ್ಯ ವ್ಯವಹಾರವನ್ನು ನಿಯಂತ್ರಿಸುವ ಅಧಿಕಾರ ಸಂಸತ್ತಿಗಿದೆ ಎಂಬ ಆಧಾರದ ಮೇಲೆ.

ವಿಕ್ಟರ್ ಗ್ರೀನ್ ಇದನ್ನು ನೋಡಲಿಲ್ಲ. ಅವನು 1960ರಲ್ಲೇ ತೀರಿಕೊಂಡಿದ್ದ. ಪುಸ್ತಕದ ಕೆಲಸವನ್ನು ಆಲ್ಮಾ ಮುಂದುವರಿಸಿದ್ದಳು. 1966-67ರ ಸಂಚಿಕೆಯೇ ಕೊನೆಯದು. ಅವನು ಬಯಸಿದಂತೆ ಪುಸ್ತಕ ನಿಂತಿತು.

ಸಂತೋಷದ ಈ ಕತೆಗೆ ಇನ್ನೊಂದು ಮಗ್ಗುಲಿದೆ. ದೊಡ್ಡ ಹೋಟೆಲುಗಳ ಬಾಗಿಲು ತೆರೆದ ಮೇಲೆ, ಕಷ್ಟಕಾಲದಲ್ಲಿ ಹಾಸಿಗೆ ಹಾಸಿದ ಕಪ್ಪು ಜನರ ಸಣ್ಣ ಹೋಟೆಲುಗಳಿಗೆ, ಪ್ರವಾಸಿ ಮನೆಗಳಿಗೆ ಗಿರಾಕಿ ಕಡಿಮೆಯಾದರು. ಹೊಸ ಹೆದ್ದಾರಿಗಳು ಎಷ್ಟೋ ಕಪ್ಪು ಕೇರಿಗಳ ಮೇಲೆಯೇ ಹಾದುಹೋದವು. ಮಯಾಮಿಯ ಓವರ್‌ಟೌನ್ ಹಾಗೆ ಒಡೆದುಹೋದ ಕೇರಿ. ಗ್ರೀನ್ ಬುಕ್ಕಿನಲ್ಲಿದ್ದ ವಿಳಾಸಗಳಲ್ಲಿ ಹೆಚ್ಚಿನವು ಈಗ ಇಲ್ಲ. ಉಳಿದವುಗಳಲ್ಲಿ ಒಂದು ಮೆಂಫಿಸ್‌ನ ಲೊರೇನ್ ಮೋಟೆಲ್. 1968ರ ಏಪ್ರಿಲ್ 4ರಂದು ಕಿಂಗ್ ಅವರಿಗೆ ಗುಂಡು ತಗುಲಿದ್ದು ಅದರ ಮೊಗಸಾಲೆಯಲ್ಲಿ ನಿಂತಿದ್ದಾಗ. ಅದು ಈಗ ವಸ್ತುಸಂಗ್ರಹಾಲಯ.

ನಮ್ಮೂರಿನ ಲೋಟ

ಗೆಳೆಯ ಹೇಳಿದ ಹತ್ತು ಮೈಲಿಗೊಂದು ಮೋಟೆಲುಗಳಲ್ಲಿ ಇವತ್ತು ಸುಮಾರು ಅರ್ಧದಷ್ಟು ಭಾರತೀಯ ಮೂಲದವರ ಕೈಯಲ್ಲಿವೆ, ಅದರಲ್ಲೂ ಗುಜರಾತಿನ ಪಟೇಲರ ಕೈಯಲ್ಲಿ. ಅವರಿಗೂ ಬಿಸಿ ತಟ್ಟದೆ ಇರಲಿಲ್ಲ. ಒಂದು ಕಾಲದಲ್ಲಿ ಪಕ್ಕದ ಮೋಟೆಲಿನವರು ಇದು ಅಮೆರಿಕನ್ನರ ಒಡೆತನದ್ದು ಎಂದು ಬೋರ್ಡು ಹಾಕಿಕೊಂಡು ಗಿರಾಕಿಗಳನ್ನು ಸೆಳೆಯುತ್ತಿದ್ದರು.

ಅಮೆರಿಕದವರ ಬಗ್ಗೆ ಇಷ್ಟೆಲ್ಲ ಓದುವಾಗ ನಮ್ಮ ಮನಸ್ಸು ಮತ್ತೆ ಮತ್ತೆ ಇಲ್ಲಿಗೇ ಬರುತ್ತಿತ್ತು. 1901ರಲ್ಲಿ ಬಾಲಕ ಅಂಬೇಡ್ಕರ್ ಬೇಸಿಗೆ ರಜೆಗೆ ಅಪ್ಪನ ಬಳಿ ಹೊರಟ ಪ್ರಸಂಗವನ್ನು ಅವರೇ ಬರೆದಿದ್ದಾರೆ. ಮಕ್ಕಳು ಹೊಸ ಬಟ್ಟೆ ತೊಟ್ಟು ಸತಾರಾದಿಂದ ರೈಲು ಹತ್ತಿದ್ದರು. ಬರುವ ದಿನವನ್ನು ಮೊದಲೇ ಅಪ್ಪನಿಗೆ ಕಾಗದ ಬರೆದು ತಿಳಿಸಿದ್ದರು. ಆದರೆ ಕಾಗದ ಅಪ್ಪನ ಕೈ ಸೇರಿರಲಿಲ್ಲ. ನಿಲ್ದಾಣದಲ್ಲಿ ಜಾತಿ ಗೊತ್ತಾದ ಮೇಲೆ ಯಾವ ಗಾಡಿಯವನೂ ಬರಲೊಪ್ಪಲಿಲ್ಲ. ಎರಡು ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಎತ್ತಿನ ಗಾಡಿ ಹೊಡೆಯಬೇಕಾಯಿತು. ಬುತ್ತಿ ತುಂಬ ಊಟವಿತ್ತು, ಕುಡಿಯಲು ನೀರು ಸಿಗಲಿಲ್ಲ. ಆ ಬಾಲಕ ಮುಂದೆ ಓದಲು ಹೋದ ಕೊಲಂಬಿಯಾ ವಿಶ್ವವಿದ್ಯಾಲಯ ಇರುವುದು ಹಾರ್ಲೆಮ್‌ನ ಮಗ್ಗುಲಲ್ಲೇ. ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಎಂದು ಒಂದೊಂದನ್ನೂ ಹೆಸರಿಸಿ ಯಾರನ್ನೂ ತಡೆಯುವಂತಿಲ್ಲ ಎಂದು ಬರೆದದ್ದು 1950ರಲ್ಲೇ ಜಾರಿಗೆ ಬಂತು. ಅಮೆರಿಕಕ್ಕಿಂತ 14 ವರ್ಷ ಮೊದಲು.

ಆದರೂ ವರದಿಗೆಂದು ಹಳ್ಳಿಗಳಿಗೆ ಹೋದಾಗ, ಚಹಾದಂಗಡಿಯ ಹೊರಗೆ ಬೇರೆಯಾಗಿ ಇಟ್ಟ ಲೋಟವನ್ನು ನಾವೇ ನೋಡಿದ್ದೇವೆ. ಅಲ್ಲಿ ಯಾವ ಬೋರ್ಡೂ ಇರಲಿಲ್ಲ. ಯಾರು ಯಾವ ಲೋಟ ಎತ್ತಿಕೊಳ್ಳಬೇಕು ಎಂದು ಎಲ್ಲರಿಗೂ ಗೊತ್ತಿತ್ತು. ಬಾಡಿಗೆ ಮನೆ ಹುಡುಕುವಾಗ ನಿಮ್ಮ ಪೈಕಿ ಯಾವುದು ಎಂಬ ಪ್ರಶ್ನೆ ನಮ್ಮ ಬಳಗದಲ್ಲೇ ಕೆಲವರಿಗೆ ಎದುರಾಗಿದೆ, ಕೆಲವರಿಗೆ ಎಂದೂ ಎದುರಾಗಿಲ್ಲ. ಎದುರಾಗದವರಿಗೆ ಪ್ರವಾಸವೆಂದರೆ ನೋಡಬೇಕಾದ ಜಾಗಗಳ ಪಟ್ಟಿ ಮಾತ್ರ.

ಹಾರ್ಲೆಮ್‌ನಲ್ಲಿರುವ ಷಾಂಬರ್ಗ್ ಗ್ರಂಥಾಲಯ ಗ್ರೀನ್ ಬುಕ್ಕಿನ ಹಳೆಯ ಸಂಚಿಕೆಗಳನ್ನು ಕಾಪಾಡಿಟ್ಟಿದೆ. ಅಂತರ್ಜಾಲದಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು. ಗೆಳೆಯನ ಜಗಲಿಯಲ್ಲಿ ಅದನ್ನು ಅಮ್ಮನಿಗೆ ತೋರಿಸಿ, ಅರ್ಥ ಹೇಳಿದೆವು. ಅವರು ಪುಟಗಳನ್ನು ಬೆರಳಿನಿಂದ ಸರಿಸುತ್ತಾ ಸುಮಾರು ಹೊತ್ತು ನೋಡಿದರು. "ಇಷ್ಟೂ ಮನೆಯವರು ಬಾಗಿಲು ತೆಗೀತಿದ್ರಾ?" ಎಂದು ಕೇಳಿದರು. ಆಮೇಲೆ ದೊಡ್ಡ ಮಗನಿಗೆ ಫೋನ್ ಹಚ್ಚಲು ಹೇಳಿ, ದಾರಿ ಸ್ವಲ್ಪ ಸುತ್ತಾದರೂ ಅಡ್ಡಿಯಿಲ್ಲ, ಆ ಮೆಂಫಿಸ್ ಊರಿನ ಮೋಟೆಲು ನೋಡಿಕೊಂಡೇ ಹೋಗುವ ಎಂದರು.

ಪಟ್ಟಿಯನ್ನು ತಿದ್ದಿದೆವು. ಗ್ರ್ಯಾಂಡ್ ಕ್ಯಾನಿಯನ್ ಒಂದು ದಿನ ತಡವಾಗಿ ಬರುತ್ತದೆ.